ಪಕ್ಕದ ಸೀಟಿನ ಡಬ್ಬ

ಒಂದು ಪಟ್ಟಣ, ಅದರಲ್ಲೊಬ್ಬ ರಾಜ. ಅವನಿಗೊಂದು ಬಿಳಿ ಕುದುರೆ. ಮುದಿ ಕುದುರೆಗೆ ಅರ್ಧ ದಾರಿಗೇ ಹಸಿವು. ಅದಕ್ಕೇ ರಾಜ ಮೇವನ್ನೂ ಜೊತೆಗೆ ಹೊತ್ತು ಹೊರಡುತ್ತಿದ್ದ.

ಪಟ್ಟಣ ತುಮಕೂರು. ರಾಜ ಸಂಗಮೇಶ್. ಕುದುರೆಯೆಂದರೆ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು. ಮೇವೆಂದರೆ ಅಕ್ಕಿ ಡಬ್ಬದ ಗಾತ್ರದ ಬ್ಯಾಟರಿ. ಅದನ್ನು ಪಕ್ಕದ ಸೀಟಿನಲ್ಲಿಟ್ಟರೆ, ಯಾರೋ ಕೂತಿದ್ದಾರೆಂದು ಕಾರು ಕೀಕೀ ಎನ್ನುತ್ತಿತ್ತು. ಡಬ್ಬಕ್ಕೆ ಬೆಲ್ಟ್ ಕಟ್ಟಿದ. ಆ ಬೆಲ್ಟ್ ಕಟ್ಟಿಕೊಂಡು ಅವನ ಜೊತೆ ಬಂದದ್ದು ಈವರೆಗೆ ಅದೊಂದೇ.

ಇವತ್ತು ಮಾತ್ರ ಅಮೃತೂರಿನಿಂದ ಅಕ್ಕ ಗಂಗಾಂಬಿಕೆಯನ್ನು ಕರೆತರಬೇಕು. ಅವಳದು ಕರೆಂಟಿನ ಹೊಲಿಗೆ ಮಷಿನ್. ಅಲ್ಲಿಯ ಕರೆಂಟೋ, ಕೂತಂತೆ ಮಾಡಿ ಎದ್ದುಹೋಗುವ ನೆಂಟ. "ಇನ್ಮೇಲೆ ನಿನ್ ಮಷಿನ್ನು ಕರೆಂಟಿಗೆ ಕಾಯಲ್ಲ ಅಕ್ಕ, ಇದು ನನ್ ಮಾತು. ನಮ್ಮನೇಲೇ ಇದ್ಕೊಂಡು ಹೊಲಿ" ಎಂದಿದ್ದ. ಅವಳು ಒಪ್ಪಿದ ದಿನವೇ ಅಡುಗೆಮನೆಯಲ್ಲಿ ಎರಡು ಲೋಟ ತೊಳೆದಿಟ್ಟಿದ್ದ.

ಕುಣಿಗಲ್‌ನಲ್ಲಿ, ಮುಖ್ತಾರ್ ಅಹಮದರ ಜ್ಯೂಸ್ ಅಂಗಡಿಯೆದುರು ಕಾರು ಮೂರ್ಛೆ ಹೋಯಿತು. ಅಲ್ಲೂ ಕರೆಂಟಿರಲಿಲ್ಲ. ಸಂಗಮೇಶ್ ಡಬ್ಬದ ವೈರನ್ನು ಕಾರಿಗೆ ಸಿಕ್ಕಿಸಿದ. ಜನ ಮುತ್ತಿದರು.

"ಏನಣ್ಣಾ ಇದು, ಗ್ಯಾಸ್ ಸ್ಟವ್ವಾ?"

"ಇಲ್ಲೇ ಸ್ಟಡ್ ಫಾರಂ ಐತೆ ಸಾರ್, ಒಂದು ಕುದುರೆ ಕಟ್ಕೊಂಡು ಹೋಗಿ!"

"ಸಾರ್, ಈ ಡಬ್ಬದಲ್ಲಿ ಒಂದೇ ಒಂದು ಜ್ಯೂಸು ತಿರುಗಿಸ್ಕೊಳ್ಲಾ?" ಎಂದರು ಮುಖ್ತಾರ್. ಒಂದು ಹತ್ತಾಯಿತು. ಆಮೇಲೆ ತಾಯಿ ಹಂದಿಗೆ ಮರಿಗಳು ಅಮರಿಕೊಂಡ ಹಾಗೆ ಮೊಬೈಲುಗಳು ಡಬ್ಬಕ್ಕೆ ಅಮರಿಕೊಂಡವು.

"ಮಕ್ಳೆಷ್ಟು ಸಾರ್?"

"ಮದ್ವೇನೇ ಆಗಿಲ್ಲ."

"ಅಯ್ಯೋ, ಪಕ್ಕದ ಸೀಟಿಗೆ ಡಬ್ಬ ತಂದ್ರಲ್ಲ ಸಾರ್!"

ಎಲ್ಲರೂ ನಕ್ಕರು, ಅವನೂ ನಕ್ಕ. ಇಷ್ಟು ಜನ ಅವನನ್ನು ಮಾತಾಡಿಸಿ ಎಷ್ಟು ಕಾಲವಾಗಿತ್ತೋ! ಬೇಡವೆನ್ನಲು ಮನಸ್ಸು ಬರಲಿಲ್ಲ.

ಕರೆಂಟ್ ಬಂತು. ವೈರು ಕಿತ್ತುಕೊಂಡು ಜನ ಚದುರಿದರು. ಡಬ್ಬ ಖಾಲಿ, ಕಾರು ನಿಂತಲ್ಲೇ. ಮುಖ್ತಾರ್ ಎರಡನ್ನೂ ತಮ್ಮ ಅಂಗಡಿಯ ಪ್ಲಗ್ಗಿಗೆ ಹಾಕಿಸಿ, "ಕೂತ್ಕಳಿ ಸಾರ್, ಟೈಮ್ ಹಿಡಿಯುತ್ತೆ" ಎಂದರು. ಸಂಜೆಯವರೆಗೂ ಒಬ್ಬನೇ ಕೂತ.

"ಬಂದ್ಯೇನೋ ಸಂಗು! ಬೆಳಗ್ಗೆಯಿಂದ ಬ್ಯಾಗ್ ಕಟ್ಕೊಂಡು ಕೂತಿದೀನಿ ಕಣೋ. ಇದೊಂದು ರವಿಕೆ ತೋಳು ಮುಗಿಸ್ತೀನಿ, ಹೊರಡಣ" ಎಂದಳು ಅಮೃತೂರಿನ ಮನೆಯಲ್ಲಿ ಅಕ್ಕ. ಅಷ್ಟರಲ್ಲಿ ಕರೆಂಟ್ ಹೋಯಿತು.

"ಇರಕ್ಕಾ, ನಾನಿಲ್ವಾ!" ಸಂಗಮೇಶ್ ಬೆಲ್ಟ್ ಬಿಚ್ಚಿ, ಡಬ್ಬವನ್ನು ಮಗುವಿನಂತೆ ಎತ್ತಿ ತಂದು ಮಷಿನ್ನಿಗೆ ಕೊಟ್ಟ. ಟರ್ರ್! ಒಂದು ತೋಳು ಮುಗಿಯಿತು. ಇನ್ನೊಂದೂ ಮುಗಿಯಿತು. ಅಕ್ಕ ಬ್ಯಾಗ್ ಬಿಚ್ಚಿ ಮತ್ತೊಂದು ಬಟ್ಟೆ ತೆಗೆದಳು.

ಪಕ್ಕದ ಮನೆಯ ಹೊಂಬಾಳಮ್ಮ ಇಣುಕಿದರು: "ಗಂಗಮ್ಮಾ, ನೀನು ಹೋಗಲ್ವಾ? ಹಂಗಾದ್ರೆ ನಂದೂ ಹೊಲ್ದುಬುಡು!"

"ಯಾಕ್ ಹೋಗ್ಲಿ? ನಮ್ ಸಂಗು ಕೊಟ್ಟ ಮಾತು ಉಳಿಸ್ಕೊಂಡವ್ನೆ! ಎಷ್ಟು ಬುದ್ಧಿವಂತನೋ ನೀನು... ಡಬ್ಬ ಇಲ್ಲೇ ಇರ್ಲಿ, ಊಟ ಮಾಡ್ಕೊಂಡು ಹೋಗು" ಎಂದಳು ಅಕ್ಕ.

ಸಂಗಮೇಶ್ ಬಾಯಿ ತೆರೆದ; "ಹೂಂ ಅಕ್ಕ" ಎಂದಷ್ಟೇ ಹೊರಬಂತು.

ಊಟ ಮುಗಿಸಿ ಕಾರಿನಲ್ಲಿ ಕೂತ. ಮುಖ್ತಾರರ ಅಂಗಡಿ ಮುಟ್ಟುವಷ್ಟು ಚಾರ್ಜ್ ಉಳಿದಿತ್ತು. ಪಕ್ಕದ ಸೀಟು ಕೀಕೀ ಎನ್ನಲಿಲ್ಲ. ಒಳಗೆ ಅಕ್ಕನ ಮಷಿನ್ ಮಾತ್ರ ಯಾರಿಗೂ ಕಾಯದೆ ಓಡುತ್ತಲೇ ಇತ್ತು.