ಹಾರದ ಚಿಟ್ಟೆಯೂ ಶನಿವಾರವೂ

ಸೀತಾ... ಚಿಲುಕ. ನಡುವೆ ಏನೋ ಒಂದಿದೆ, ಬಾಯಿಗೆ ಬರುತ್ತಿಲ್ಲ. ನಾನು ಹುಟ್ಟಿದ ನಂದ್ಯಾಲದ ಕಡೆ ತೆಲುಗಿನಲ್ಲಿ ಚಿಟ್ಟೆಗೆ ಹಾಗೇನೋ ಅನ್ನುತ್ತಿದ್ದರು. ನಮ್ಮ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತೆಲುಗು. ಮದುವೆಯಾಗಿ ದಾವಣಗೆರೆಗೆ ಬಂದು ಐವತ್ತು ವರ್ಷ ದಾಟಿತು, ಹೊಸಿಲಾಚೆಯ ಮಾತುಗಳು ಒಂದೊಂದೇ ಉದುರಿಹೋದವು. ಇರಲಿ, ನೆನಪಾದಾಗ ಹೇಳುತ್ತೇನೆ. ನಾನು ಯಾವ ಕೆಲಸಕ್ಕೆ ಕೈ ಹಾಕಿದರೂ ಅದು ನನ್ನೊಬ್ಬಳದಾಗಿ ಉಳಿಯುವುದಿಲ್ಲ, ಓಣಿಯೆಲ್ಲ ಬಂದು ಅದರೊಳಗೆ ಬೀಳುತ್ತದೆ. ಈ ಸಲ ಚಿಟ್ಟೆಯಿಂದ ಹಾಗಾಯಿತು.

ಮೂರನೇ ಕ್ಲಾಸಿನ ಮೊಮ್ಮಗಳು ಒಂದು ಸೋಮವಾರ ಶಾಲೆಯಿಂದ ಬಂದು ಚೀಲ ಎಸೆದವಳೇ, "ಅಜ್ಜಿ, ಶನಿವಾರ ಎಲ್ಲರ ಅಜ್ಜ-ಅಜ್ಜೀನೂ ಶಾಲಿಗೆ ಬರ್ಬೇಕು. ಸ್ಟೇಜ್ ಮ್ಯಾಲೆ ಏನಾರ ಮಾಡ್ಬೇಕು. ನೀನು ಹಾರೋ ಚಿಟ್ಟೆ ಬರೀತೀಯ ಅಂತ ಹೇಳಿ ಬಂದೀನಿ" ಎಂದಳು.

"ಕೂತಿದ್ದು ಬರದ್ರೆ ಸಾಲಲ್ವೇನೆ?"

"ಕೂತಿದ್ದನ್ನ ನನ್ನ ಪಕ್ಕ ಕೂರೋಳ ಅಜ್ಜಿ ಬರೀತಾರಂತೆ. ನಮ್ಮಜ್ಜಿ ಹಾರೋದನ್ನೇ ಬರೀತಾಳೆ ಅಂದೆ. ಎಲ್ಲರೂ ನಕ್ಕರು. ನೀನು ಬರೀಲಿಲ್ಲ ಅಂದ್ರೆ..."

ಅಷ್ಟಕ್ಕೇ ನಿಲ್ಲಿಸಿದಳು. ಮುಂದಿನದನ್ನು ಅವಳೇ ಹೇಳಿಬಿಟ್ಟಿದ್ದರೆ ಒಳ್ಳೆಯದಿತ್ತು. ಆ ಐದು ದಿನ ನನಗೆ ಅನ್ನ ಇಳಿಯಲಿಲ್ಲ.

ಯಾವ ವ್ರತ?

ನನಗೆ ಬರುವ ಚಿತ್ರಕಲೆ ಎಂದರೆ ಚುಕ್ಕಿ ರಂಗೋಲಿ. ಪೆನ್ಸಿಲ್ ಹಿಡಿದರೆ ಗೆರೆ ಸೊಟ್ಟಗಾಗುತ್ತದೆ, ನೆಲ ಕಂಡರೆ ಧೈರ್ಯ. ಮಂಗಳವಾರ ಬೆಳಿಗ್ಗೆ ನಿಜಲಿಂಗಪ್ಪ ಬಡಾವಣೆಯ ನಮ್ಮ ಗೇಟಿನ ಮುಂದೆ ನೀರು ಹಾಕಿ, ಏಳು ಚುಕ್ಕಿ ಏಳು ಸಾಲು ಇಟ್ಟು ಒಂದು ಚಿಟ್ಟೆ ಎಳೆದೆ. ಎಡಕ್ಕೆ ಏನಿದೆಯೋ ಬಲಕ್ಕೂ ಅದೇ. ಒಂದೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಮೊಮ್ಮಗಳು ಹಲ್ಲುಜ್ಜುತ್ತ ಬಂದು ನೋಡಿದಳು. "ಇದು ಹಾರ್ತಿಲ್ಲ ಅಜ್ಜಿ. ಹಪ್ಪಳ ಒಣಗಾಕಿದಂಗೆ ಐತೆ."

ಎದುರು ಮನೆಯಾಕೆ ಬಕೆಟ್ ಹಿಡಿದು ನಿಂತಿದ್ದರು. "ಇವತ್ತೇನು ವಿಶೇಷ ರೀ? ದಿನಾ ಕಮಲ ಹಾಕ್ತಿದ್ರಿ."

"ಏನಿಲ್ರಿ, ಶನಿವಾರದ ತನಕ ಇದೇ."

ಅಷ್ಟು ಹೇಳಿದ್ದೇ ತಪ್ಪಾಯಿತು. ಬುಧವಾರ ಓಣಿಯಲ್ಲಿ ನಾಲ್ಕು ಚಿಟ್ಟೆ, ಗುರುವಾರ ಒಂಬತ್ತು. ಗುರುವಾರ ಮಧ್ಯಾಹ್ನ ಮೂಲೆಮನೆಯಾಕೆ ಬಾಗಿಲು ಬಡಿದು, ಯಾರಿಗೂ ಕೇಳದ ಹಾಗೆ ಕೇಳಿದರು: "ಅಮ್ಮಾರೆ, ನೀವು ಹಾಕೀರಿ ಅಂತ ನಾವೂ ಚಿಟ್ಟೆ ಹಾಕಿದ್ವಿ. ಶನಿವಾರ ನೈವೇದ್ಯಕ್ಕೆ ಸಿಹಿ ಮಾಡ್ಬೇಕೋ, ಬರೀ ಹಣ್ಣು ನಡೀತೈತೋ?"

ಕೊಕ್ಕನೂರಿನ ಟ್ರೇಲರ್

ಈ ನಡುವೆ, ಬುಧವಾರ, ನಾನು ಹರಿಹರದ ಬಸ್ಸು ಹತ್ತಿದ್ದೆ. ಅಲ್ಲಿ ಟ್ರ್ಯಾಕ್ಟರ್ ಟ್ರೇಲರ್‌ಗಳ ಹಿಂದಿನ ತಗಡಿನ ಮೇಲೆ ಹೂವು, ಹಕ್ಕಿ ಬರೆಯುವ ಪೇಂಟರ್ ಒಬ್ಬರಿದ್ದಾರೆ. ವಯಸ್ಸಾದವರು, ಎಲ್ಲರೂ ಚಾಚಾ ಅನ್ನುತ್ತಾರೆ. ಕೊಕ್ಕನೂರಿನ ರೈತರೊಬ್ಬರ ಟ್ರೇಲರ್ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ನನ್ನ ಕಷ್ಟ ಕೇಳಿ ಅವರು ನಗಲಿಲ್ಲ.

"ಭಾಳ ಸುಲಭ ಐತಮ್ಮ. ಹಾರೋವಾಗ ಎರಡು ರೆಕ್ಕೆ ಒಂದೇ ಸಮ ಕಾಣಂಗಿಲ್ಲ. ನಮ್ ಕಡೇದು ದೊಡ್ದು, ಆಚೆ ಕಡೇದು ಸಣ್ದು. ಮೈ ಒಂಚೂರು ವಾರೆ. ನೋಡ್ರಿ." ಎರಡೇ ನಿಮಿಷದಲ್ಲಿ ತಗಡಿನ ಮೇಲೆ ಹಳದಿ ಚಿಟ್ಟೆಯೊಂದು ಹಾರಿತು. ನನ್ನ ಕೈಗೆ ಬ್ರಷ್ ಕೊಟ್ಟು, "ಸಣ್ಣ ರೆಕ್ಕೆಗೆ ಕರಿ ಅಂಚು ನೀವೇ ಕಟ್ರಿ, ಕೈ ಕೂಡ್ಲಿ" ಎಂದು ಚಹಾ ತರಲು ಹೋದರು.

ಆ ಸಣ್ಣ ರೆಕ್ಕೆ ನೋಡಿ ನನ್ನ ಮನಸ್ಸು ತಡೆಯಲಿಲ್ಲ. ಪಂಕ್ತಿಯಲ್ಲಿ ಒಬ್ಬರಿಗೆ ಕಡಿಮೆ ಬಡಿಸಿದ ಹಾಗಿತ್ತು. ಅಂಚು ಕಟ್ಟುತ್ತ ಒಂಚೂರು ಹೊರಗೆಳೆದೆ. ಇನ್ನೊಂಚೂರು ಎಳೆದೆ. ಚಾಚಾ ಚಹಾ ಹಿಡಿದು ಬರುವಷ್ಟರಲ್ಲಿ ಎರಡೂ ರೆಕ್ಕೆ ಸಮ ಆಗಿದ್ದವು. ಅವರ ಹಿಂದೆಯೇ ಟ್ರೇಲರಿನ ಯಜಮಾನರು. ನಾನು ಬ್ರಷ್ ಕೆಳಗಿಟ್ಟು ಪಕ್ಕಕ್ಕೆ ಸರಿದೆ.

ಯಜಮಾನರು ತಲೆ ವಾರೆ ಮಾಡಿ ನೋಡಿದರು. "ಯಾಕ ಚಾಚಾ, ಈ ಚಿಟ್ಟೆ ಹಿಂಗೆ ಬೆದರಿ ನಿಂತೈತಲ್ಲ?"

ಚಾಚಾ ನನಗೆ ಚಹಾ ಕೊಟ್ಟು, ನಿಧಾನಕ್ಕೆ ಹೇಳಿದರು: "ಹಿಂದ್ಗಡೆ ಬರೋ ಲಾರಿ ನೋಡೈತಲ್ರಿ."

ನೋಟ್‌ಬುಕ್

ಶುಕ್ರವಾರ ಬಂದೇ ಬಿಟ್ಟಿತು. ನಿಜವಾದ ಚಿಟ್ಟೆಯನ್ನೇ ನೋಡಿ ಬರೆಯೋಣವೆಂದು ನೋಟ್‌ಬುಕ್ಕು, ಪೆನ್ಸಿಲ್ಲು ಹಿಡಿದು ಹಿಂದಿನ ರಸ್ತೆಗೆ ಹೋದೆ. ಅಲ್ಲೊಂದು ಮನೆಯವರು ಕಾಂಪೌಂಡಿನ ಹೊರಗೆ, ರಸ್ತೆಗೇ ಚೆಂಡುಹೂವಿನ ಕುಂಡಗಳನ್ನು ಸಾಲಾಗಿ ಇಟ್ಟಿದ್ದಾರೆ. ಚಿಟ್ಟೆ ಬರುತ್ತದೆ, ನಾನು ಒಂದು ಗೆರೆ ಎಳೆಯುವಷ್ಟರಲ್ಲಿ ಹೋಗುತ್ತದೆ. "ಒಂಚೂರು ನಿಲ್ಲೇ ತಾಯಿ" ಎಂದೆ. ನಿಂತರೆ ಅದು ಹಾರುವ ಚಿಟ್ಟೆ ಹೇಗಾದೀತು ಎಂದು ಆಮೇಲೆ ಹೊಳೆದು ಇನ್ನೂ ಗಾಬರಿಯಾಯಿತು.

ಅಷ್ಟರಲ್ಲಿ ಬನಿಯನ್ನಿನಲ್ಲೇ ಮನೆಯ ಯಜಮಾನರು ಹೊರಗೆ ಬಂದರು. ನೋಟ್‌ಬುಕ್ ನೋಡಿದರು, ನನ್ನ ಕನ್ನಡಕ ನೋಡಿದರು. "ಮೇಡಂ, ಪಾಲಿಕೆಯವ್ರಾ? ಕಾಂಪೌಂಡ್ ನಮ್ ಜಾಗದಾಗೇ ಐತ್ರಿ. ಬೇಕಾದ್ರೆ ಟೇಪ್ ಹಿಡೀರಿ."

"ನಾನು ಚಿಟ್ಟೆ ನೋಡಾಕ ಬಂದೀನ್ರಿ."

"ಮೊದ್ಲು ಎಲ್ರೂ ಹಂಗೇ ಅಂತಾರೆ. ಬರ್ರಿ, ಒಳಗೆ ಕೂಡ್ರಿ, ಕಾಫಿ ತಗಳ್ರಿ."

ಕಾಫಿ ಕುಡಿಯದೆ ಓಡಿಬಂದೆ. ಸಂಜೆ ಹಾಲು ತರಲು ಅದೇ ದಾರಿಯಲ್ಲಿ ಹೋದರೆ, ಕುಂಡಗಳೆಲ್ಲ ಕಾಂಪೌಂಡಿನ ಒಳಗೆ ಹೋಗಿದ್ದವು. ಚಿಟ್ಟೆಗಳೂ.

ಶನಿವಾರ

ಶಾಲೆಯಲ್ಲಿ, ಮೊಮ್ಮಗಳ ಪಕ್ಕ ಕೂರುವವಳ ಅಜ್ಜಿ ನನಗಿಂತ ಮೊದಲು ಸ್ಟೇಜಿಗೆ ಹೋದರು. ಬಣ್ಣದ ಸೀಮೆಸುಣ್ಣದಲ್ಲಿ ಹೂವು, ಹೂವಿನ ಮೇಲೆ ಕೂತ ಚಿಟ್ಟೆ. ಎಷ್ಟು ಚೆನ್ನಾಗಿತ್ತೆಂದರೆ ನನಗೆ ಅಲ್ಲಿಂದ ಎದ್ದು ಮನೆಗೆ ಹೋಗಿಬಿಡೋಣ ಅನ್ನಿಸಿತು. ಮೊಮ್ಮಗಳು ಮೊದಲ ಸಾಲಿನಲ್ಲಿ ಕೂತು ಉಗುರು ಕಚ್ಚುತ್ತಿದ್ದಳು.

ನನ್ನನ್ನು ಕರೆದರು. ಕರಿಹಲಗೆಯ ಮುಂದೆ ನಿಂತದ್ದೇ ಕೈ ತಾನಾಗಿಯೇ ಚುಕ್ಕಿ ಇಡತೊಡಗಿತು. ಹಿಂದಿನಿಂದ ಸಣ್ಣ ದನಿ: "ಚುಕ್ಕಿ ಬ್ಯಾಡ ಅಜ್ಜಿ." ಕೈ ನಿಲ್ಲಲಿಲ್ಲ. ಎಡ ರೆಕ್ಕೆ ಬಂತು, ಬಲ ರೆಕ್ಕೆ ಬಂತು, ಎರಡೂ ಒಂದೇ ಸಮ. ಅದೇ ಹಪ್ಪಳ. ತಿರುಗಿ ನೋಡಿದೆ. ಯಾರೋ ಕಿಸಕ್ಕೆಂದರು. ಮೊಮ್ಮಗಳು ತಲೆ ತಗ್ಗಿಸಿದ್ದಳು.

ಡಸ್ಟರ್ ಎಲ್ಲಿದೆಯೋ ಕಾಣಲಿಲ್ಲ. ಬಲ ರೆಕ್ಕೆ ಅಳಿಸಿಬಿಡೋಣವೆಂದು ಗಾಬರಿಯಲ್ಲಿ ಸೆರಗಿನ ತುದಿ ಹಿಡಿದು ಮೇಲಕ್ಕೆ ಜೋರಾಗಿ ಉಜ್ಜಿದೆ. ಅದು ಪೂರ್ತಿ ಅಳಿಯಲಿಲ್ಲ. ಅರ್ಧ ಅಳಿದು, ಸಣ್ಣದಾಗಿ, ಬಿಳಿಪುಡಿ ಮೇಲಕ್ಕೆ ಮಸುಕಾಗಿ ಹರಡಿತು. ಇನ್ನೊಮ್ಮೆ ಉಜ್ಜಲು ಕೈ ಎತ್ತಿದಾಗ ಕೆಳಗಿನಿಂದ ಒಂದು ಮಗು, "ಏ, ರೆಕ್ಕೆ ಬಡಿತೈತೆ" ಎಂದಿತು. ಹಾಲ್ ತುಂಬ ಚಪ್ಪಾಳೆ. ಮೊಮ್ಮಗಳು ಎದ್ದು ನಿಂತು, ಪಕ್ಕ ಕೂರುವವಳ ಕಡೆ ತಿರುಗಿ, "ಹೇಳಿದ್ನಲ್ಲ" ಎಂದಳು.

"ಎಲ್ಲಿ ಕಲಿತ್ರಿ ಅಮ್ಮಾ?" ಟೀಚರ್ ಕೇಳಿದರು. "ಹರಿಹರದಾಗೆ" ಎಂದೆ. ಏನು ಹೇಳಲಿ ಮತ್ತೆ?

ಮನೆಗೆ ಬರುವಾಗ ಆಟೋದಲ್ಲಿ ಸೆರಗಿನ ಪುಡಿ ಕೊಡವುತ್ತಿದ್ದೆ. ಆಗ ಬಾಯಿಗೆ ಬಂತು ನೋಡಿ. ಕೋಕ. ಕೋಕ ಅಂದರೆ ಸೀರೆ, ಚಿಲುಕ ಅಂದರೆ ಗಿಣಿ. ಸೀತಮ್ಮನ ಸೀರೆ ಉಟ್ಟ ಗಿಣಿ!

ಮೊಮ್ಮಗಳು ಮೈಗೆ ಅಂಟಿ ಕೂತು, "ಅಜ್ಜಿ, ಮುಂದಿನ ವರ್ಷ ಓಡೋ ಕುದುರೆ ಬರೀತೀಯ ಅಂತ ಹೇಳಿ ಬಂದೀನಿ" ಎಂದಳು.

"ಕುದುರೆ ಆಮೇಲೆ. ಮೊದ್ಲು ಇದನ್ನ ಬರ್ಕೊ, ನಾಳೆಗೆ ಮರ್ತೋಗ್ತೈತೆ ನಂಗೆ. ಸೀತಾಕೋಕಚಿಲುಕ."

ಅವಳು ಚೀಲದಿಂದ ಪುಸ್ತಕ, ಪೆನ್ಸಿಲ್ ತೆಗೆದಳು. ಆಮೇಲೆ ನನ್ನ ಸೆರಗನ್ನು ಎಳೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. "ಭಾಳ ಉದ್ದ ಐತೆ ಅಜ್ಜಿ. ತಪ್ಪಾದ್ರೆ ಅಳ್ಸಾಕೆ ಬೇಕಾಗ್ತೈತೆ."