ಹೊಳೆಯಬಾರದಿದ್ದ ಚೆಂಡು

ಹೆಂಡತಿ ಹೇಳಿಹೋದದ್ದು ಒಂದೇ ಮಾತು: "ರೀ, ಆ ಬೌಲಿಂಗ್ ಚೆಂಡನ್ನ ಚೀಲದೊಳಗೆ ಹಾಕಿಡಿ." ಅಷ್ಟನ್ನೇ ಮಾಡಿದ್ದರೆ ಗಡಿಯಾರ ರಿಪೇರಿಯವನ ಭಾನುವಾರ ನೆಮ್ಮದಿಯಾಗಿ ಕಳೆಯುತ್ತಿತ್ತು.

ಹೆಂಡತಿಗೆ ಅಂಚೆ ಕಚೇರಿಯಲ್ಲಿ ಕೆಲಸ. ದಿನವೆಲ್ಲ ಠಸ್ಸೆ ಒತ್ತಿದ ಕೈಗೆ ಸಂಜೆಯಾದರೆ ಕ್ಲಬ್ಬಿನ ಉದ್ದ ಹಲಗೆಯ ಮೇಲೆ ಉರುಳಿಸಿ ಹತ್ತು ಪಿನ್ನು ಕೆಡವಲು ಚೆಂಡು ಬೇಕು. ಎರಡು ವರ್ಷದಿಂದ ಕ್ಲಬ್ಬಿನ ಕಪ್ಪನ್ನು ಹಲ್ಲಿನ ಡಾಕ್ಟರಮ್ಮ ಹೊತ್ತೊಯ್ಯುತ್ತಿದ್ದರು. ಈ ಸಲ ಬಿಡಬಾರದೆಂದು ಇವಳು ದೊಡ್ಡ ಪಂದ್ಯಗಳಲ್ಲಿ ಆಡುವಂಥ ಹೊಸ ಚೆಂಡನ್ನೇ ತರಿಸಿದ್ದಳು. ಶನಿವಾರ ಕ್ಲಬ್ಬಿನ ತಪಾಸಣೆಯಲ್ಲಿ ಅದು ಪಾಸೂ ಆಗಿತ್ತು. ಮೂರು ಗಂಟೆಗೆ ಫೈನಲ್. ಅಷ್ಟರೊಳಗೆ ತಂಗಿಯ ಮನೆಗೆ ಹೋಗಿಬರುತ್ತೇನೆಂದು ಹೊರಟಳು.

ಗಡಿಯಾರದವನು ಚೆಂಡನ್ನು ಎತ್ತಿ ನೋಡಿದ. ಅಷ್ಟು ಹೆಸರುವಾಸಿ ಚೆಂಡು, ಬೂದಿಯಲ್ಲಿ ಹೊರಳಾಡಿದ ಬದನೆಕಾಯಿಯ ಹಾಗಿತ್ತು. ಮೈಯೆಲ್ಲ ಮಂಕು, ಮುಟ್ಟಿದರೆ ತರಿತರಿ. ಮಾಸಿದ ಗಡಿಯಾರಗಳನ್ನು ಇಪ್ಪತ್ತು ವರ್ಷ ಉಜ್ಜಿದ ಕೈ ಸುಮ್ಮನಿರಲು ಒಪ್ಪಲಿಲ್ಲ. ಅಂಗಡಿಯ ಪಾಲಿಶ್ ಡಬ್ಬಿ ತೆಗೆದು ಜಗಲಿಯಲ್ಲಿ ಕೂತ.

ಪಕ್ಕದ ಮನೆಯ ಬಡಗಿ ಬೇಲಿಯ ಮೇಲಿಂದ ಕತ್ತು ಚಾಚಿದ.

"ಕೈಯಲ್ಲಿ ಉಜ್ಜಿದ್ರೆ ಇವತ್ತಿಗೆ ಮುಗಿಯಲ್ಲ ಅಣ್ಣ. ತಡೀರಿ, ನನ್ನ ಮೆಷಿನ್ ತರ್ತೀನಿ. ಅತ್ತಿಗೆ ನೋಡಿ ಕುಣಿದಾಡಿಬಿಡ್ಬೇಕು!"

ಒಂದು ಗಂಟೆ ಮೆಷಿನ್ ಕಿರುಗುಟ್ಟಿತು. ಚೆಂಡು ಎಷ್ಟು ಹೊಳೆಯಿತೆಂದರೆ, ಅದರಲ್ಲಿ ಗಡಿಯಾರದವನಿಗೆ ತನ್ನ ಮೀಸೆಯ ಬಿಳಿ ಕೂದಲು ಎಣಿಸಲು ಸಿಕ್ಕಿತು.

ಗಲಾಟೆ ತಾಳಲಾರದೆ ಮಹಡಿಯ ಡ್ರಿಲ್ ಮೇಷ್ಟ್ರು ಜಗಳಕ್ಕೆಂದು ಇಳಿದು ಬಂದರು. ಚೆಂಡು ಕಂಡದ್ದೇ ಜಗಳ ಮರೆತರು.

"ಅಯ್ಯೋ ಪುಣ್ಯಾತ್ಮ, ಏನ್ ಮಾಡಿಟ್ರಿ? ಚೆಂಡು ಉರುಳೋ ಹಲಗೆಗೆ ಎಣ್ಣೆ ಸವರಿರ್ತಾರೆ ಕಣ್ರೀ! ಚೆಂಡಿನ ಮೈ ತರಿಯಾಗಿದ್ರೆ ಆ ಎಣ್ಣೇಲೂ ಹಿಡಿತ ಸಿಗತ್ತೆ, ಕೊನೇಲಿ ತಿರುಗಿ ಸರಿಯಾದ ಜಾಗಕ್ಕೆ ಹೊಡೆಯತ್ತೆ. ನುಣುಪಾದ್ರೆ ಜಾರ್ಕೊಂಡು ನೆಟ್ಟಗೆ ಹೋಗತ್ತೆ ಅಷ್ಟೇ. ಆ ಮಂಕನ್ನ ಕಾರ್ಖಾನೆಯವರು ಬೇಕಂತಲೇ ಮಾಡಿದ್ದು!"

"ನನಗೂ ಒಳಗೊಳಗೇ ಅನುಮಾನ ಇತ್ತು," ಎಂದು ಬಡಗಿ ಮೆಷಿನ್ನಿನ ವೈರು ಸುತ್ತಿಕೊಂಡು ಮನೆ ಸೇರಿದ.

ಗಡಿಯಾರದವನು ಹೊಳಪು ಕೆಡಿಸಲು ಉಪ್ಪುಕಾಗದ ಹುಡುಕಿ ತಂದು ಇನ್ನೇನು ಚೆಂಡಿಗೆ ತಾಗಿಸಬೇಕು, ಗೇಟಿನ ಸದ್ದಾಯಿತು. ಚೆಂಡು ಚೀಲಕ್ಕೆ ಬಿತ್ತು. ಜಿಪ್ಪು ಎಳೆದ ಸದ್ದು ಅವನ ಕಿವಿಗೆ ತನ್ನ ಬಾಯಿಗೇ ಹೊಲಿಗೆ ಹಾಕಿದಂತೆ ಕೇಳಿಸಿತು.

ಕ್ಲಬ್ಬಿನಲ್ಲಿ ಚೀಲ ಬಿಚ್ಚಿದ ಹೆಂಡತಿ ಒಂದು ಗಳಿಗೆ ಚೆಂಡನ್ನೇ ನೋಡಿದಳು.

"ರೀ, ಏನಿದು ಹೀಗೆ ಹೊಳೀತಿದೆ?"

"ಒರೆಸಿದೆ ಕಣೇ. ಧೂಳಿತ್ತು."

ಅನುಮಾನಿಸಲು ಹೊತ್ತಿರಲಿಲ್ಲ, ಸೀಟಿ ಊದಿಯಾಗಿತ್ತು. ಒಟ್ಟು ಮೂರು ಆಟ, ಹೆಚ್ಚು ಪಿನ್ನು ಬೀಳಿಸಿದವರಿಗೆ ಕಪ್ಪು. ಹಲಗೆಗೆ ಆಗತಾನೆ ಎಣ್ಣೆ ಹಾಕಿದ್ದರು. ಡಾಕ್ಟರಮ್ಮನ ಮಂಕು ಚೆಂಡು ಅಂಚಿನಲ್ಲಿ ಉರುಳಿಹೋಗಿ, ಏನೋ ನೆನಪಾದಂತೆ ಒಳಕ್ಕೆ ತಿರುಗಿ, ಹತ್ತೂ ಪಿನ್ನುಗಳನ್ನು ಕೆಡವಿತು. ಇವಳ ಚೆಂಡೋ, ಇಳಿಯುವವರು ಕೂಗಿದರೂ ನಿಲ್ಲಿಸದ ಬಸ್ಸಿನಂತೆ ನೆಟ್ಟಗೆ ಹೋಗಿ ಮೂರು ಪಿನ್ನು ಬೀಳಿಸಿತು. ಮೊದಲ ಆಟ ಮುಗಿದಾಗ ನಲವತ್ತೊಂದು ಪಿನ್ನು ಹಿಂದೆ. ಅವಳು ತಿರುಗಿ ಗಂಡನ ಕಡೆ ನೋಡಿದಳು. ಅವನು ಚಾವಣಿಯ ದೀಪಗಳನ್ನು ಎಣಿಸುತ್ತಿದ್ದ.

ಎರಡನೆಯ ಆಟದ ನಡುವೆ ಗಾಳಿ ತಿರುಗಿತು. ಉರುಳಿ ಉರುಳಿ ಚೆಂಡುಗಳೇ ಎಣ್ಣೆಯನ್ನು ಒರೆಸಿಕೊಂಡು ಬಂದಿದ್ದವು. ಒಣಗುತ್ತಿದ್ದ ಹಲಗೆ ಡಾಕ್ಟರಮ್ಮನ ತರಿ ಚೆಂಡನ್ನು ಅರ್ಧ ದಾರಿಯಲ್ಲೇ ಹಿಡಿದು ತಿರುಗಿಸತೊಡಗಿತು. ಪಿನ್ನು ತಲುಪುವಷ್ಟರಲ್ಲಿ ಅದು ಆಚೆ ಬದಿಗೆ ಹೋಗಿರುತ್ತಿತ್ತು. ಅವರು ನಿಲ್ಲುವ ಜಾಗ ಬದಲಿಸಿದರು, ವೇಗ ಹೆಚ್ಚಿಸಿದರು, ಕೊನೆಗೆ ಚೆಂಡಿನ ಮೇಲೆಯೇ ಸಿಡುಕಿದರು. ಅದೇ ಹೊತ್ತಿಗೆ ಇವಳ ನುಣುಪು ಚೆಂಡು ಮುಕ್ಕಾಲು ದಾರಿ ಜಾರಿ, ಬೇಕಾದಲ್ಲಿ ಸರಕ್ಕನೆ ತಿರುಗಿ ನುಗ್ಗುತ್ತಿತ್ತು. ಪಿನ್ನುಗಳು ಸಂತೆ ಮುಗಿಸಿದವರಂತೆ ಚದುರುತ್ತಿದ್ದವು. ಎರಡನೆಯ ಆಟ ಮುಗಿದಾಗ ಒಟ್ಟು ಲೆಕ್ಕದಲ್ಲಿ ಇಪ್ಪತ್ಮೂರೇ ಹಿಂದೆ. ಮೂರನೆಯದು ಮುಗಿದಾಗ ಎಂಟು ಮುಂದೆ!

ಚಪ್ಪಾಳೆಯ ನಡುವೆ ಹೆಂಡತಿ ಕಪ್ಪು ಹಿಡಿದು ನಿಂತಳು. ಅವಳ ಮುಖದಲ್ಲಿ ಅಂಥ ನಗು ಕಂಡು ಗಡಿಯಾರದವನಿಗೆ ಎಷ್ಟೋ ದಿನವಾಗಿತ್ತು. ತೀರ್ಪುಗಾರರು ಮೈಕಿನಲ್ಲಿ, "ಎಣ್ಣೆ ಒಣಗಿದ ಹಲಗೆ ಮೇಲೆ ಎಂಥಾ ಆಟ! ಗುಟ್ಟೇನಮ್ಮ?" ಎಂದರು.

"ಗೊತ್ತಿಲ್ಲ ಸಾರ್," ಎಂದಳು ಅವಳು ನಾಚಿಕೊಂಡು. "ಚೆಂಡು ತಾನಾಗೇ ದಾರಿ ಕಂಡ್ಕೊಳ್ತು."

ಬೆಳಗಿನಿಂದ ಬೆವರಿದ್ದವನು ತಾನು, ಹೆಸರು ಚೆಂಡಿಗೆ! ಗಡಿಯಾರದವನು ಎದ್ದೇಬಿಟ್ಟ.

"ಗುಟ್ಟು ನಾನು ಸಾರ್! ಇವತ್ತು ಬೆಳಿಗ್ಗೆ ಪಾಲಿಶ್ ಮಾಡಿದ್ದು ನಾನೇ. ಮೆಷಿನ್ ಹಾಕಿ, ಒಂದು ಗಂಟೆ!"

ಚಪ್ಪಾಳೆ ನಿಂತಿತು. ತೀರ್ಪುಗಾರರು ಕನ್ನಡಕ ಏರಿಸಿಕೊಂಡು ಜೇಬಿನಿಂದ ಒಂದು ಹಾಳೆ ತೆಗೆದರು.

"ಇವತ್ತು ಬೆಳಿಗ್ಗೆ ಅಂದ್ರಾ? ತಪ್ಪು ತಿಳ್ಕೋಬೇಡಿ ಅಮ್ಮ. ನಿನ್ನೆ ತಪಾಸಣೆ ಆದ್ಮೇಲೆ ಚೆಂಡಿಗೆ ಪಾಲಿಶ್ ಮುಟ್ಟಿಸೋ ಹಾಗಿಲ್ಲ. ಬಟ್ಟೇಲಿ ಒರೆಸಿದ್ರೆ ನಡೀತಿತ್ತು. ನಿಮ್ಮ ಆಟ ಲೆಕ್ಕಕ್ಕಿಲ್ಲ."

ಅವಳು ಕಪ್ಪನ್ನು ಡಾಕ್ಟರಮ್ಮನ ಕೈಗಿಟ್ಟಳು. ಚೆಂಡನ್ನು ಚೀಲಕ್ಕೆ ಹಾಕಿ ಗಂಡನ ತೋಳಿಗೆ ಏರಿಸಿದಳು. ಏಳು ಕಿಲೋ ಭಾರದ ಅಡಿಯಲ್ಲಿ ಅವನು ಬಾಗಿಲ ಕಡೆ ವಾಲಿದ.

ಮೆಟ್ಟಿಲ ಬಳಿ ಡಾಕ್ಟರಮ್ಮ ಓಡಿಬಂದರು. ಒಂದು ಕಂಕುಳಲ್ಲಿ ಕಪ್ಪು, ಇನ್ನೊಂದರಲ್ಲಿ ಮಂಕು ಚೆಂಡು.

"ಅಣ್ಣಾ, ಒಂದ್ನಿಮಿಷ. ಮುಂದಿನ ವರ್ಷ ತಪಾಸಣೆಗೆ ಮೊದಲೇ ನಿಮ್ಮ ಹತ್ರ ತಂದ್ರೆ ನಂದಕ್ಕೂ ಹೀಗೇ ಮಾಡ್ಕೊಡ್ತೀರಾ? ಯಾವ ಪಾಲಿಶ್ ಹಾಕಿದ್ದು?"

ಗಡಿಯಾರದವನು ತುಟಿ ಬಿಗಿದು ನೆಲ ನೋಡಿದ.

"ಹೇಳಿ, ಹೇಳಿ," ಎಂದಳು ಹೆಂಡತಿ, ತಣ್ಣಗೆ. "ಈಗ್ಯಾಕೆ ನಾಚಿಕೆ?"