ವೇಗದ ಬೌಲರಿಗೊಂದು ಬೀಳ್ಕೊಡುಗೆ

ದೊಡ್ಡವರ ಎದುರು ನಿಂತರೆ ನನ್ನ ನಾಲಗೆ ನನ್ನ ಮಾತು ಕೇಳುವುದಿಲ್ಲ. ಆದರೂ ದೆಹಲಿಯ ವಸಂತ್ ಕುಂಜ್‌ನ ನಮ್ಮ ಕನ್ನಡ ಬಳಗದಲ್ಲಿ ಯಾರೇ ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ ಊರಿಗೆ ಹೊರಟರೂ ಶಾಲು, ಹಾರ, ಹಣ್ಣಿನ ಬುಟ್ಟಿ, ಜೊತೆಗೆ ನನ್ನ ಭಾಷಣ. ಗುಟ್ಟು ಹೇಳಿಬಿಡುತ್ತೇನೆ, ಭಾಷಣ ಒಂದೇ, ಹೆಸರು ಮಾತ್ರ ಬೇರೆ.

ಹೀಗಿರುವಾಗ ನಮ್ಮ ಬ್ಲಾಕಿನ ಕೆಳಮನೆಗೆ, ಒಂದು ಕಾಲದಲ್ಲಿ ದೇಶಕ್ಕಾಗಿ ಆಡಿದ ಕನ್ನಡಿಗ ವೇಗದ ಬೌಲರ್ ಬಂದರು. ಟಿ.ವಿ.ಯಲ್ಲಿ ಅವರ ಓಟ ಶುರುವಾದರೆ ನಾನು ಕಾಫಿ ಲೋಟ ಕೆಳಗಿಟ್ಟು ನೆಟ್ಟಗೆ ಕೂರುತ್ತಿದ್ದೆ. ಅವರಿಗೆ ಸನ್ಮಾನವೆಂದು ಬಳಗ ತೀರ್ಮಾನಿಸಿತು, ಪರಿಚಯ ಭಾಷಣ ನನ್ನ ತಲೆಗೆ ಬಂತು. ಇಂಥವರ ಮುಂದೆ ಮಾನ ಕಳೆದುಕೊಂಡರೆ ಮತ್ತೆ ಅದೇ ಮೆಟ್ಟಿಲು ಹತ್ತಿಳಿಯುವುದು ಹೇಗೆ?

ವಿವರ ಕೇಳಲು ಹೋದೆ. ಗುಮಾಸ್ತನ ಬುದ್ಧಿ ಎಲ್ಲಿ ಹೋದೀತು, "ಮೆಡಿಕಲ್ ಲೀವ್ ಏನಾದ್ರೂ ತಗೊಂಡಿದ್ರಾ ಸಾರ್?" ಎಂದೆ.

ಅವರು ನಕ್ಕು ಎಡಗಾಲು ಚಾಚಿದರು. "ಈ ಮಂಡಿ ಮೂರು ಸಲ ಕೊಯ್ದಿದ್ದಾರೆ. ಹೆಬ್ಬೆರಳ ಉಗುರು ಪ್ರತಿ ಸೀಸನ್ನೂ ಬೀಳ್ತಿತ್ತು. ಶೂಗೆ ಅಲ್ಲೊಂದು ತೂತು ಮಾಡ್ಕೊಂಡು ಓಡ್ತಿದ್ದೆ."

ಟಿ.ವಿ.ಯಲ್ಲಿ ನಾವು ಕಂಡದ್ದು ಗಾಳಿಯಂಥ ಓಟ. ಆ ತೂತು ಯಾರಿಗೂ ಕಂಡಿರಲಿಲ್ಲ. ಕತ್ತು ನೋವೆಂದು ಹದಿನೈದು ದಿನ ರಜೆ ಹಾಕಿದ್ದ ನನಗೆ ಎದ್ದು ಅವರ ಕಾಲು ಮುಟ್ಟಬೇಕೆನ್ನಿಸಿತು.

ಸಭೆಯಲ್ಲಿ ಮೊದಲ ಹಾಳೆ ಚೆನ್ನಾಗಿಯೇ ಹೋಯಿತು. ಎರಡನೆಯದು ಕಳೆದ ತಿಂಗಳು ಊರಿಗೆ ಹೋದ ಲೆಕ್ಕಾಧಿಕಾರಿಯದು, ಅದೇ ಫೈಲಿನಲ್ಲಿ ಉಳಿದುಬಿಟ್ಟಿತ್ತು. ಓದುವ ಭರದಲ್ಲಿ ನನಗೆ ಗೊತ್ತಾಗಲಿಲ್ಲ. "ಕೊಟ್ಟ ಕೆಲಸಕ್ಕೆ ಇಲ್ಲವೆನ್ನದೆ, ನೋವನ್ನು ಯಾರಿಗೂ ಹೇಳದೆ ದುಡಿದ ತಮ್ಮನ್ನು ಇಂದು ಭಾರವಾದ ಮನಸ್ಸಿನಿಂದ ಬೀಳ್ಕೊಡುತ್ತಿದ್ದೇವೆ..."

ಇಲ್ಲೇ ಬೆಳೆದ ನನ್ನ ಮಗಳು ಮುಂದಿನ ಸಾಲಿನಿಂದ, "ಅಪ್ಪಾ, ಯೇ ಫೇರ್‌ವೆಲ್ ಥೋಡೀ ಹೈ!" ಎಂದು, ಇದು ಬೀಳ್ಕೊಡುಗೆ ಅಲ್ಲವಲ್ಲ ಅಂತ ಹಿಂದಿಯಲ್ಲೇ ಕೂಗಿದಳು. ಸಭೆ ಗೊಳ್ಳೆಂದಿತು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಬೌಲರ್ ಮಾತ್ರ ನಗಲಿಲ್ಲ. ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದು ಮೈಕಿನ ಹತ್ತಿರ ಬಂದರು.

"ನನಗೆ ಬೀಳ್ಕೊಡುಗೆ ಅಂತ ಯಾರೂ ಮಾಡ್ಲಿಲ್ಲ. ಒಂದು ದಿನ ಟೀಮ್ ಲಿಸ್ಟಲ್ಲಿ ಹೆಸರಿರ್ಲಿಲ್ಲ, ಅಷ್ಟೇ. ಯಾರಾದ್ರೂ ಕರೀತಾರೆ ಅಂತ ಎರಡು ವರ್ಷ ಬೆಳಿಗ್ಗೆ ಎದ್ದು ಓಡ್ತಾನೇ ಇದ್ದೆ. ಇವತ್ತು ರಿಟೈರ್ ಆದೆ ಅನ್ನಿಸ್ತು. ಥ್ಯಾಂಕ್ಸ್."

ಆಮೇಲೆ ಬಳಗದ ಅಧ್ಯಕ್ಷರು ಒದ್ದೆ ಕಣ್ಣಿನಲ್ಲಿ ನನ್ನ ಕೈ ಹಿಡಿದು, "ಎಂಥ ಯೋಚನೆ ರಾಯರೇ! ಅವರ ಮನಸ್ಸಲ್ಲಿದ್ದದ್ದು ನಿಮಗೆ ಹೇಗೆ ಗೊತ್ತಾಯ್ತು?" ಎಂದರು.

ನಾನು ತಲೆ ತಗ್ಗಿಸಿ, "ಏನೋ, ತೋಚಿತು" ಎಂದೆ.